ಮನೆಬಾಗಿಲಿಗೆ ಬರುವ ನೋಟರಿ: ರುಜು, ಸಾಕ್ಷಿ ಮತ್ತು ಸಮ್ಮತಿ

ಹಾಸಿಗೆ ಹಿಡಿದ ವೃದ್ಧರೊಬ್ಬರು ತಮ್ಮ ಮನೆಯನ್ನು ಮಗಳಿಗೆ ದಾನವಾಗಿ ಕೊಡಲು ಇಚ್ಛಿಸುತ್ತಾರೆ. ಕಚೇರಿಯ ಮೆಟ್ಟಿಲು ಹತ್ತುವ ಶಕ್ತಿ ಅವರಿಗಿಲ್ಲ. ಬಂಧುಗಳು ನೋಟರಿಯೊಬ್ಬರನ್ನು ಮನೆಗೇ ಕರೆತಂದು, ಛಾಪಾಕಾಗದದ ಮೇಲೆ ರುಜು ಮಾಡಿಸಿ, ಮೊಹರು ಹಾಕಿಸುತ್ತಾರೆ. ದಾನವು ಪೂರ್ಣವಾಯಿತೆ? ಪೂರ್ಣವಾಯಿತೆಂದೇ ಬಹುಮಂದಿ ತಿಳಿಯುತ್ತಾರೆ. ನಮ್ಮ ತರಗತಿಗಳಲ್ಲಿಯೂ ಈ ಉತ್ತರ ಕೇಳಿಬರುವುದುಂಟು. ಇದು ತಪ್ಪು ತಿಳಿವಳಿಕೆ. ತಪ್ಪು ಎಲ್ಲಿದೆ, ಇಂಥ ಸಂದರ್ಭದಲ್ಲಿ ಮನೆಗೆ ಬರಬೇಕಾದ ಅಧಿಕಾರಿ ಯಾರು, ಬಂದು ಅವನು ಮಾಡಬೇಕಾದುದೇನು ಎಂಬುದನ್ನು ಇಲ್ಲಿ ವಿವೇಚಿಸಬೇಕೆಂದಿದ್ದೇವೆ.

ಪಕ್ಷಗಾರರಿದ್ದಲ್ಲಿಗೆ ತಾನೇ ಹೋಗಿ ರುಜುವನ್ನು ಪ್ರಮಾಣೀಕರಿಸುವ ಸಂಚಾರಿ ನೋಟರಿಯ ವೃತ್ತಿಯು ವಿಶೇಷವಾಗಿ ಬೆಳೆದಿರುವುದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ. ಅಲ್ಲಿಯ ಬಹುಪಾಲು ರಾಜ್ಯಗಳಲ್ಲಿ ನೋಟರಿಯು ವಕೀಲನಾಗಿರಬೇಕೆಂಬ ನಿಯಮವಿಲ್ಲ. ಮನೆಸಾಲದ ಪತ್ರಗಳಿಗಾಗಿ, ಆಸ್ಪತ್ರೆಯಲ್ಲಿರುವವರ ಅಧಿಕಾರಪತ್ರಗಳಿಗಾಗಿ ಅವನನ್ನು ಕರೆಸಿಕೊಳ್ಳುತ್ತಾರೆ. ಕ್ಯಾಲಿಫೋರ್ನಿಯದಲ್ಲಿ ಅವನು ದಿನಚರಿ ಪುಸ್ತಕವನ್ನಿಡಬೇಕು. ಸ್ಥಿರಾಸ್ತಿಯ ಪತ್ರಗಳಿಗೂ ಅಧಿಕಾರಪತ್ರಗಳಿಗೂ ರುಜು ಮಾಡಿದವರ ಹೆಬ್ಬೆಟ್ಟಿನ ಗುರುತನ್ನು ಅದರಲ್ಲಿ ಪಡೆಯಬೇಕು. ವರ್ಜೀನಿಯ ರಾಜ್ಯವು 2012ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೂರದಲ್ಲಿರುವವರನ್ನು ದೃಶ್ಯಸಂಪರ್ಕದ ಮೂಲಕ ಕಂಡು ಪ್ರಮಾಣೀಕರಿಸುವ ಪದ್ಧತಿಗೆ ಅವಕಾಶವಿತ್ತಿತು.

ಈ ಎಲ್ಲ ಏರ್ಪಾಡುಗಳ ಹಿಂದಿರುವ ಸಂದೇಹ ಒಂದೇ: ಬರೆದುಕೊಟ್ಟವನು ನಿಜವಾಗಿ ಇವನೇ ಏನು? ಮನಸ್ಸಿದ್ದು ಬರೆದುಕೊಟ್ಟನೆ? ಈ ಸಂದೇಹವು ನಮ್ಮ ದೇಶಕ್ಕೆ ಹೊಸದಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಲೇಖ್ಯವನ್ನು ಕುರಿತೇ ಒಂದು ಪ್ರಕರಣವಿದೆ. ಸಾಕ್ಷಿಗಳು ತಂದೆಯ ಹೆಸರಿನೊಡನೆ ತಮ್ಮ ಹೆಸರನ್ನು ಸ್ವಹಸ್ತದಿಂದ ಬರೆಯಬೇಕು. ಉಭಯರ ಕೋರಿಕೆಯಿಂದ ತಾನು ಬರೆದೆನೆಂದು ಲೇಖಕನು ಕೊನೆಯಲ್ಲಿ ಬರೆಯಬೇಕು. ಸ್ವಹಸ್ತದಲ್ಲಿ ಬರೆದ ಪತ್ರವು ಸಾಕ್ಷಿಗಳಿಲ್ಲದಿದ್ದರೂ ಪ್ರಮಾಣವೇ, ಆದರೆ ಬಲಾತ್ಕಾರದಿಂದಲೋ ವಂಚನೆಯಿಂದಲೋ ಮಾಡಿಸಿದುದು ಪ್ರಮಾಣವಲ್ಲ ಎಂದು ಅದು ವಿಧಿಸುತ್ತದೆ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಅಕ್ಷರ ಸಾಚಾ ಆಗಿದ್ದರೂ ಸಮ್ಮತಿ ಸಾಚಾ ಆಗಿಲ್ಲದಿರಬಹುದೆಂಬ ಎಚ್ಚರವು ಆ ವಿಧಿಯಲ್ಲಿ ಅಡಗಿದೆ ಎಂಬುದನ್ನು ಗಮನಿಸತಕ್ಕದ್ದು.

ಈಗಿನ ಭಾರತೀಯ ನೋಟರಿಯ ಅಧಿಕಾರವು 1952ರ ನೋಟರಿಗಳ ಅಧಿನಿಯಮದಿಂದ ಬಂದುದು. ಅದು ಜಾರಿಗೆ ಬಂದುದು 1956ರ ಫೆಬ್ರವರಿ 14ರಂದು. ನಮ್ಮಲ್ಲಿ ನೋಟರಿಯು ಸಾಮಾನ್ಯವಾಗಿ ಹಲವು ವರ್ಷ ವೃತ್ತಿ ನಡೆಸಿದ ವಕೀಲ. ಪತ್ರವನ್ನು ಬರೆದುಕೊಟ್ಟುದನ್ನು ಪ್ರಮಾಣೀಕರಿಸುವುದು, ಪ್ರಮಾಣವಚನ ಬೋಧಿಸಿ ಪ್ರಮಾಣಪತ್ರ ಪಡೆಯುವುದು, ಭಾಷಾಂತರವನ್ನು ಸರಿನೋಡುವುದು ಮೊದಲಾದುವು ಅಧಿನಿಯಮದ 8ನೆಯ ಪ್ರಕರಣವು ಹೇಳುವ ಅವನ ಕಾರ್ಯಗಳು. ಅವನು ಪಕ್ಷಗಾರರಿದ್ದಲ್ಲಿಗೆ ಹೋಗುವುದಕ್ಕೆ ಅಡ್ಡಿಯಿಲ್ಲ. ಪ್ರಯಾಣಭತ್ಯೆಯನ್ನು ಪಡೆಯಲು ನಿಯಮಗಳಲ್ಲಿ ಅವಕಾಶವೂ ಇದೆ. ಆದುದರಿಂದ ದೋಷವು ಅವನು ಮನೆಗೆ ಬಂದುದರಲ್ಲಿ ಇಲ್ಲ; ಅವನ ಮೊಹರಿನಿಂದ ನಾವು ಏನನ್ನು ನಿರೀಕ್ಷಿಸುತ್ತೇವೆ ಎಂಬುದರಲ್ಲಿದೆ.

ಮೇಲಿನ ದಾನಪತ್ರವನ್ನೇ ನೋಡೋಣ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 123ನೆಯ ಪ್ರಕರಣದಂತೆ ಸ್ಥಿರಾಸ್ತಿಯ ದಾನಕ್ಕೆ ದಾನಿಯ ರುಜು, ಕನಿಷ್ಠ ಇಬ್ಬರು ಸಾಕ್ಷಿಗಳು, ನೋಂದಣಿ, ಈ ಮೂರೂ ಬೇಕು. ಮುಸ್ಲಿಂ ವೈಯಕ್ತಿಕ ಕಾನೂನಿನ ದಾನವು ಮಾತ್ರ ಇದಕ್ಕೆ ಹೊರತು. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯಕ್ಕೂ ನೋಂದಣಿ ಅವಶ್ಯಕ. ನೋಟರಿಯ ಮೊಹರು ನೋಂದಣಿಯ ಸ್ಥಾನದಲ್ಲಿ ನಿಲ್ಲಲಾರದು. ಉಯಿಲಿನ ವಿಷಯ ಇದಕ್ಕೆ ವಿಲೋಮ: ಅದಕ್ಕೆ ನೋಂದಣಿಯೂ ಕಡ್ಡಾಯವಲ್ಲ, ನೋಟರಿಯೂ ಬೇಕಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೆಯ ಪ್ರಕರಣವು ಕೇಳುವುದು ಬರೆದವನ ರುಜು ಅಥವಾ ಗುರುತನ್ನು, ಮತ್ತು ಅವನ ಸಮ್ಮುಖದಲ್ಲಿ ರುಜು ಹಾಕಿದ ಇಬ್ಬರು ಸಾಕ್ಷಿಗಳನ್ನು. ಮೊಹರು ಎಷ್ಟು ದೊಡ್ಡದಾಗಿದ್ದರೂ ಎರಡನೆಯ ಸಾಕ್ಷಿ ಇಲ್ಲದ ಉಯಿಲು ನಿಲ್ಲದು.

ಹಾಗಾದರೆ ನಡೆಯಲಾರದವರ ಗತಿಯೇನು? 1908ರ ನೋಂದಣಿ ಅಧಿನಿಯಮವು ಅವರನ್ನು ಮರೆತಿಲ್ಲ. ವಿಶೇಷ ಕಾರಣವನ್ನು ತೋರಿಸಿದಲ್ಲಿ ನೋಂದಣಾಧಿಕಾರಿಯು ಪತ್ರವನ್ನು ಹಾಜರುಪಡಿಸುವವರ ಮನೆಗೆ ಹೋಗಬಹುದೆಂದು 31ನೆಯ ಪ್ರಕರಣ ಹೇಳುತ್ತದೆ. ದೇಹದೌರ್ಬಲ್ಯದಿಂದ ಅಪಾಯವಿಲ್ಲದೆ ಕಚೇರಿಗೆ ಬರಲಾರದವರು, ಸೆರೆಮನೆಯಲ್ಲಿರುವವರು, ನ್ಯಾಯಾಲಯದ ಹಾಜರಿಯಿಂದ ಕಾನೂನಿನ ಮೂಲಕ ವಿನಾಯಿತಿ ಪಡೆದವರು, ಈ ಮೂರು ವರ್ಗದವರು ಕಚೇರಿಗೆ ಬರಬೇಕಾಗಿಲ್ಲವೆಂದು 38ನೆಯ ಪ್ರಕರಣವು ವಿಧಿಸುತ್ತದೆ. ಅಧಿಕಾರಿಯು ಅವರಿದ್ದಲ್ಲಿಗೆ ತಾನೇ ಹೋಗಿ ವಿಚಾರಿಸಬೇಕು, ಇಲ್ಲವೆ ವಿಚಾರಣೆಗೆ ಕಮಿಷನ್ ಕಳುಹಿಸಬೇಕು. ನಮ್ಮ ವೃದ್ಧರ ಮನೆಗೆ ಬರಬೇಕಾದವರು ಸಬ್ ರಿಜಿಸ್ಟ್ರಾರರು. ಬಂಧುಗಳು ಕರೆತಂದುದು ಬೇರೆಯವರನ್ನು.

ಅಧಿಕಾರಪತ್ರದಲ್ಲಿಯೂ ಇಂಥದೇ ಸೂಕ್ಷ್ಮವಿದೆ. ಬರೆದುಕೊಟ್ಟವನ ಪರವಾಗಿ ಪತ್ರವನ್ನು ನೋಂದಣಿಗೆ ಹಾಜರುಪಡಿಸಬೇಕಾದ ಮುಖ್ತ್ಯಾರನ ಅಧಿಕಾರಪತ್ರವು, ಕೊಟ್ಟವನು ಭಾರತದಲ್ಲಿದ್ದರೆ, ಅವನಿರುವ ಪ್ರದೇಶದ ನೋಂದಣಾಧಿಕಾರಿಯ ಮುಂದೆಯೇ ಆಗಬೇಕೆಂದು 33ನೆಯ ಪ್ರಕರಣದ ವಿಧಿ. ಅವನು ಹೊರದೇಶದಲ್ಲಿದ್ದರೆ ಮಾತ್ರ ನೋಟರಿ, ನ್ಯಾಯಾಧೀಶ ಅಥವಾ ಭಾರತೀಯ ಕಾನ್ಸಲರ ಮುಂದೆ ಆಗಬಹುದು. ಮೈಸೂರಿನ ನಿವೇಶನವನ್ನು ಮಾರಲು ತಮ್ಮನಿಗೆ ಅಧಿಕಾರ ಕೊಡುವ ಕ್ಯಾಲಿಫೋರ್ನಿಯದ ಕನ್ನಡಿಗರಿಗೆ ಅಲ್ಲಿಯ ಸಂಚಾರಿ ನೋಟರಿಯಿಂದ ಪ್ರಯೋಜನವಾಗುವುದು ಈ ವಿಧಿಯಿಂದಲೇ. ಅಂಥ ಪತ್ರವು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕವನ್ನು ಸಲ್ಲಿಸಬೇಕೆಂಬುದನ್ನು ಮರೆಯಬಾರದು.

ಸರಿಯಾದ ಅಧಿಕಾರಿಯೇ ಬಂದನೆನ್ನೋಣ. ಅಷ್ಟರಿಂದ ಎಲ್ಲ ಸಂದೇಹವೂ ನೀಗಿತೆ? ಮೈಸೂರಿನಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಎದುರು ತಿಮ್ಮಜಮ್ಮ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1958ರಲ್ಲಿ ಈ ಕುರಿತು ಸ್ಪಷ್ಟವಾದ ತತ್ತ್ವವನ್ನು ನೀಡಿತು. ಉಯಿಲಿನ ಸುತ್ತ ಶಂಕಾಸ್ಪದ ಸಂಗತಿಗಳಿದ್ದರೆ ರುಜುವನ್ನು ರುಜುವಾತುಪಡಿಸಿದ ಮಾತ್ರಕ್ಕೆ ಸಾಲದು. ಅದನ್ನು ಮುಂದಿಡುವವನು ಆ ಶಂಕೆಯನ್ನು ನಿವಾರಿಸಿ ನ್ಯಾಯಾಲಯದ ಅಂತಃಕರಣಕ್ಕೆ ತೃಪ್ತಿಯಾಗುವಂತೆ ತೋರಿಸಬೇಕು. 1961ರಲ್ಲಿ ಪೂರ್ಣಿಮಾ ದೇವಿಯವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಪತ್ರವನ್ನು ಓದಿ ಹೇಳದೆ, ತಾನು ಒಪ್ಪುತ್ತಿರುವುದು ಏನನ್ನೆಂದು ಬರೆದವನಿಗೆ ಮನವರಿಕೆ ಮಾಡದೆ, ಕೇವಲ ಶಾಸ್ತ್ರಕ್ಕೆ ಮುಗಿಸಿದ ನೋಂದಣಿಗೆ ಹೆಚ್ಚು ಬೆಲೆಯಿಲ್ಲವೆಂದಿತು. ಎಂದರೆ ಮೊಹರಿನ ಬೆಲೆಯು ಆ ಕೋಣೆಯಲ್ಲಿ ನಡೆದ ಕಾರ್ಯದ ಬೆಲೆಯೇ ಹೊರತು ಅದಕ್ಕಿಂತ ಹೆಚ್ಚಿನದಲ್ಲ.

ಆ ಕೋಣೆಯಲ್ಲಿ ನಡೆಯಬೇಕಾದುದು ಬಹಳವಿಲ್ಲ. ಪತ್ರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ, ಆತುರವಿಲ್ಲದೆ, ಪೂರ್ತಿಯಾಗಿ ಓದಿಹೇಳಬೇಕು. ಲಾಭ ಪಡೆಯುವವರನ್ನು ಸ್ವಲ್ಪಹೊತ್ತು ಹೊರಗೆ ಕಳುಹಿಸಿ, ಆಸ್ತಿ ಯಾವುದು, ಯಾರಿಗೆ ಕೊಡುತ್ತಿದ್ದೀರಿ, ಉಳಿದ ಮಕ್ಕಳಿಗೇನು ಎಂದು ಕೇಳಿ, ಉತ್ತರವು ರೋಗಿಯ ಬಾಯಿಂದಲೇ ಬರುವವರೆಗೆ ಕಾಯಬೇಕು, ತಲೆದೂಗಿದರೆ ಸಾಲದು. ಸಾಕ್ಷಿಗಳು ಪತ್ರದಿಂದ ಲಾಭವಿಲ್ಲದವರಾಗಿರಬೇಕು. ರೋಗಿಗಿಂತ ಹೆಚ್ಚು ಕಾಲ ಬದುಕಿದ್ದು ನ್ಯಾಯಾಲಯದಲ್ಲಿ ಮಾತನಾಡಬಲ್ಲವರಾದರೆ ಲೇಸು. ರೋಗವು ಗಾಢವಾಗಿದ್ದರೆ ವೈದ್ಯರ ಹೇಳಿಕೆಯನ್ನು ಅಂದೇ ಪಡೆಯುವುದು ಯುಕ್ತ. ರುಜುವಿನ ಬದಲು ಹೆಬ್ಬೆಟ್ಟು ಒತ್ತಿದರೆ ಅದು ಯಾವ ಕೈಯದು, ರುಜು ಏಕೆ ಆಗಲಿಲ್ಲ ಎಂಬುದನ್ನು ಬರೆಯಬೇಕು. ಮೊದಲೇ ರುಜುವಾದ ಕಾಗದಕ್ಕೆ, ರುಜು ಮಾಡಿದವರನ್ನು ಕಾಣದೆ, ಮೊಹರು ಹಾಕುವುದಂತೂ ಸಲ್ಲದು.

ಮೊದಲು ಹೇಳಿದ ವೃದ್ಧರ ಇಚ್ಛೆಯು ಪ್ರಾಮಾಣಿಕವಾದುದೇ ಇರಬಹುದು. ಆದರೆ ಅವರು ತೀರಿಕೊಂಡ ಮೇಲೆ ಮಗಳ ಕೈಯಲ್ಲಿ ಉಳಿಯುವುದು ನೋಂದಣಿಯಾಗದ ಒಂದು ಕಾಗದ. ಅದರ ಬಲದಿಂದ ಮನೆ ಅವಳದಾಗದು, ಸೋದರರೊಡನೆ ವ್ಯಾಜ್ಯವೂ ತಪ್ಪದು. ಅಂದು ಒಂದು ಅರ್ಜಿ ಕೊಟ್ಟು ಸಬ್ ರಿಜಿಸ್ಟ್ರಾರರನ್ನು ಕರೆಸಿದ್ದರೆ ತಂದೆಯ ಮಾತು ಉಳಿಯುತ್ತಿತ್ತು. ಕಾನೂನು ಓದಿದವರಿಗೆ ಇದು ಸಣ್ಣ ವಿಷಯವಾಗಿ ಕಾಣಬಹುದು. ನೆರೆಹೊರೆಯವರು ಸಲಹೆ ಕೇಳಲು ಬಂದಾಗ ನಾವು ಮೊದಲು ಹೇಳಬೇಕಾದುದು ಇದನ್ನೇ.