ನಿಂತ ಜಾಗ, ಬೀಳೋ ಪೆಟ್ಟು
ಆದೋನಿಯ ಕೋಟೆ ಬೆಟ್ಟದ ಕೆಳಗೆ ಟೆನಿಸ್ ಬಾಲ್ ಆಡೋ ಹುಡುಗರೇ, ಲೆದರ್ ಬಾಲ್‌ಗೆ ಬರೋ ಮುಂಚೆ ಇದನ್ನು ಕೇಳಿ. ಮೈದಾನದಲ್ಲಿ ನೀವು ಎಲ್ಲಿ ನಿಲ್ತೀರೋ ಅದರ ಮೇಲೆ ಗಾಯ. ವೇಗದ ಬೌಲರ್‌ಗೆ ಸೊಂಟ, ಭುಜ. 1997ರಲ್ಲಿ ನಮ್ಮ ಜಾವಗಲ್ ಶ್ರೀನಾಥ್‌ಗೆ ಭುಜದ ಆಪರೇಷನ್ನೇ ಆಯ್ತು. ಕೀಪರ್‌ಗೆ ಬೆರಳು, ಮಂಡಿ, ಕೆಲವೊಮ್ಮೆ ಕಣ್ಣು. 2000ದಲ್ಲಿ ಢಾಕಾದಲ್ಲಿ ಅನಿಲ್ ಕುಂಬ್ಳೆ ಎಸೆತ ನಮ್ಮ ಕೀಪರ್ ಸಬಾ ಕರೀಂ ಬಲಗಣ್ಣಿಗೆ ಬಡಿಯಿತು. ಸ್ಪಿನ್ನರ್ ತಾನೇ ಅಂತ ಸ್ಟಂಪ್‌ಗೆ ಅಂಟಿ ನಿಂತಾಗ, ಚೆಂಡು ದಿಕ್ಕು ಬದಲಿಸಿದರೆ ರೆಪ್ಪೆ ಮುಚ್ಚೋಕೂ ಹೊತ್ತಿರಲ್ಲ. ಬೇಸ್‌ಬಾಲ್‌ನಲ್ಲೂ ಅಷ್ಟೇ, ಪಿಚರ್‌ಗೆ ಮೊಣಕೈ, ಕ್ಯಾಚರ್‌ಗೆ ಮಂಡಿ. ಆದರೆ ಕ್ರಿಕೆಟ್‌ನಲ್ಲಿ ಎಲ್ಲಕ್ಕಿಂತ ಭಯ ಶಾರ್ಟ್ ಲೆಗ್, ಬ್ಯಾಟ್ಸ್‌ಮನ್‌ಗೆ ತೀರಾ ಹತ್ತಿರದ ಜಾಗ. 1998ರಲ್ಲಿ ಅದೇ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಅಲ್ಲಿ ನಿಂತ ನಮ್ಮ ಆಟಗಾರ ರಮಣ್ ಲಾಂಬಾ ತಲೆಗೆ ಚೆಂಡು ಬಡಿದು ಉಳಿಯಲಿಲ್ಲ. ದಯವಿಟ್ಟು ಟೀಮಿನ ಚಿಕ್ಕ ಹುಡುಗನನ್ನು ಅಲ್ಲಿಗೆ ತಳ್ಳಬೇಡಿ. ಹೆಲ್ಮೆಟ್ ಇಲ್ವಾ? ಆ ಜಾಗ ಖಾಲಿ ಬಿಡಿ.