ತೋಟದ ಮರವನ್ನು ಮಾರುವ ಮುನ್ನ

ಕಾಫಿಯ ಬೆಲೆ ಕುಸಿದ ವರ್ಷ, ಮಳೆ ಹೆಚ್ಚಾಗಿ ಕಾಯಿ ಉದುರಿದ ವರ್ಷ, ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದ ವರ್ಷ, ನಮ್ಮ ಆಲ್ದೂರಿನ ಕಡೆಯ ಸಣ್ಣ ಬೆಳೆಗಾರನ ಕಣ್ಣು ಮೊದಲು ಹೋಗುವುದು ತೋಟದಲ್ಲಿ ನಿಂತ ಮರಗಳ ಕಡೆಗೆ. ಇದರಲ್ಲಿ ತಪ್ಪೇನೂ ಇಲ್ಲ. ನೆಟ್ಟು ಬೆಳೆಸಿದವನು ಕಷ್ಟಕಾಲಕ್ಕೆ ಮಾರುವುದು ಸಹಜವೇ ಸರಿ. ಆದರೆ ಅವಸರದಲ್ಲಿ ಮಾರಿದ ಮರ ಎರಡು ಸಲ ನಷ್ಟ ತರುತ್ತದೆ. ಒಮ್ಮೆ ಬೆಲೆಯಲ್ಲಿ, ಇನ್ನೊಮ್ಮೆ ತೋಟದಲ್ಲಿ. ಆ ಎರಡು ನಷ್ಟಗಳನ್ನೂ ತಪ್ಪಿಸುವ ಬಗೆಯನ್ನು ನನಗೆ ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ತೋಟದ ಮರ ಬರಿಯ ನಾಟವಲ್ಲ ಎಂಬುದನ್ನು ಮೊದಲು ನೆನೆಯಬೇಕು. ಅರೇಬಿಕಾ ಕಾಫಿ ನೆರಳಿನಲ್ಲಿ ಬಾಳುವ ಗಿಡ. ನೆರಳು ತೆಳುವಾಗಿ ಬಿಸಿಲು ನೇರವಾಗಿ ಬಿದ್ದ ಕಡೆ ಬಿಳಿ ಕಾಂಡಕೊರಕ ಹುಳುವಿನ ಹಾವಳಿ ಹೆಚ್ಚುತ್ತದೆ. ಹುಳು ಹೊಕ್ಕ ಗಿಡವನ್ನು ಕಿತ್ತು ಸುಡುವುದಲ್ಲದೆ ಬೇರೆ ದಾರಿಯಿಲ್ಲ. ಮರದ ಮೈಮೇಲೆ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ. ಅದರ ಬೇರು ಇಳಿಜಾರಿನ ಮಣ್ಣನ್ನು ಹಿಡಿದಿಡುತ್ತದೆ, ಉದುರಿದ ಎಲೆ ಗೊಬ್ಬರವಾಗುತ್ತದೆ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದುದನ್ನು ಕಂಡವರಿಗೆ ಇಳಿಜಾರಿನ ಮಣ್ಣಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಮರದಿಂದ ಬರುವ ಹಣವನ್ನು ಎಣಿಸುವಾಗ, ಮರ ಹೋದುದರಿಂದ ಕಳೆಯುವ ಕಾಫಿಯನ್ನೂ ಮೆಣಸನ್ನೂ ಆ ಲೆಕ್ಕದಲ್ಲಿ ಹಿಡಿಯುವುದು ನ್ಯಾಯ.

ಇನ್ನು ಕಾನೂನಿನ ಮಾತು. ನಮ್ಮ ರಾಜ್ಯದಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ, ಸ್ವಂತ ಭೂಮಿಯಲ್ಲಿರುವ ಮರವನ್ನು ಕಡಿಯಲು ಸಹ ವೃಕ್ಷಾಧಿಕಾರಿಯ ಅನುಮತಿ ಬೇಕು. ಒಣಗಿದ, ರೋಗ ತಗುಲಿದ ಅಥವಾ ಗಾಳಿಗೆ ಉರುಳಿದ ಮರ, ಕಡಿದಾದ ಇಳಿಜಾರಿನಲ್ಲಿರದೆ ಚೆನ್ನಾಗಿ ಬಲಿತ ಮರ, ಜೀವಕ್ಕೋ ಆಸ್ತಿಗೋ ಅಪಾಯವೊಡ್ಡುವ ಮರ, ಇಂಥವುಗಳಿಗೆ ಅನುಮತಿಯನ್ನು ನಿರಾಕರಿಸಬಾರದೆಂದು ಅದೇ ಅಧಿನಿಯಮ ಹೇಳುತ್ತದೆ. ಕಡಿದವನು ಬದಲು ಸಸಿ ನೆಡುವ ಹೊಣೆಯನ್ನೂ ಹೊರಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ ಮೊದಲಾದ ಕೆಲವು ಜಾತಿಗಳಿಗೆ ಮಾತ್ರ ಈ ಅನುಮತಿಯಿಂದ ವಿನಾಯಿತಿ ಉಂಟು.

ಬೀಟೆ, ಶ್ರೀಗಂಧಗಳ ವಿಚಾರ ಬೇರೆ. ಗಂಧದ ಮರ ಯಾರ ಜಮೀನಿನಲ್ಲಿದ್ದರೂ ಸರ್ಕಾರದ್ದೆಂಬ ಹಳೆಯ ಕಟ್ಟಳೆ 2001ರ ತಿದ್ದುಪಡಿಯಿಂದ ಹೋಯಿತು. ಈಗ ಅದು ಜಮೀನಿನ ಒಡೆಯನದೇ. ಆದರೂ ಕಡಿಯಲು, ಸಾಗಿಸಲು ಅಪ್ಪಣೆ ಬೇಕು. ಬೀಟೆಯ ಮೇಲೆ ನಮ್ಮ ದೇಶದ ಕಟ್ಟುಪಾಡುಗಳಷ್ಟೇ ಅಲ್ಲದೆ, 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣವೂ ಸೇರಿಕೊಂಡಿದೆ. ಮಂಜೂರಾದ ಭೂಮಿಯಲ್ಲಿ ಹಳೆಯ ಮರಗಳ ಹಕ್ಕನ್ನು ಸರ್ಕಾರವೇ ಇಟ್ಟುಕೊಂಡಿರುವುದೂ ಉಂಟು. ಆದುದರಿಂದ ಮಂಜೂರಾತಿ ಪತ್ರವನ್ನು ಓದಿ ನೋಡುವುದು ಅವಶ್ಯ.

ಈ ಕಾನೂನಿನಿಂದ ಯಾರೂ ಎಣಿಸದ ಒಂದು ಪರಿಣಾಮವೂ ಆಗಿದೆ. ಸಿಲ್ವರ್ ಓಕ್ ಆಸ್ಟ್ರೇಲಿಯದ ಪೂರ್ವ ಭಾಗದಿಂದ ಬಂದ ಮರ. ನೆಟ್ಟಗೆ, ಬೇಗ ಬೆಳೆಯುತ್ತದೆ, ಕಡಿಯಲು ತೊಡಕಿಲ್ಲ. ಬೀಟೆ, ಹೊನ್ನೆ, ನಂದಿ, ಮತ್ತಿಗಳನ್ನು ನೆಟ್ಟರೆ ಮುಂದೆ ಮಕ್ಕಳು ಕಛೇರಿಗೆ ಅಲೆಯಬೇಕಾದೀತೆಂದು ರೈತ ಅವುಗಳ ಸಸಿಯನ್ನೇ ನೆಡುವುದಿಲ್ಲ. ಹೀಗೆ ಕಾಪಾಡಬೇಕೆಂದು ಮಾಡಿದ ಕಟ್ಟಳೆಯೇ ನಾಡ ಮರಕ್ಕೆ ಎರವಾದಂತಾಗಿದೆ. ಆದರೆ ಹಕ್ಕಿಗಳಿಗೆ ಹಣ್ಣು ಕೊಡುವುದು ಅತ್ತಿ, ಬಸರಿಗಳೇ ಹೊರತು ಸಿಲ್ವರ್ ಓಕ್ ಅಲ್ಲ. ಮಾರುವುದಕ್ಕೆ ಸಿಲ್ವರ್ ಇರಲಿ, ಉಳಿಯುವುದಕ್ಕೆ ನಾಡ ಮರವಿರಲಿ ಎಂಬುದು ನನ್ನ ಅಭಿಪ್ರಾಯ.

ಈಗ ಅಳತೆಗೆ ಬರೋಣ. ನಮ್ಮ ಕಡೆ ವ್ಯಾಪಾರಿಗಳು ಬಂದು, ತೋಟವನ್ನು ಒಂದು ಸುತ್ತು ಹಾಕಿ, ಇಷ್ಟು ಮರಕ್ಕೆ ಇಷ್ಟು ಹಣವೆಂದು ಒಟ್ಟಿಗೆ ಬೆಲೆ ಕಟ್ಟುವುದುಂಟು. ಅವರ ಕಣ್ಣಿಗೆ ಅಳತೆ ಗೊತ್ತು; ನಮಗೆ ಗೊತ್ತಿರುವುದು ನಮ್ಮ ಅವಸರ ಮಾತ್ರ. ಈ ಅಂತರವನ್ನು ಅಳೆಯುವ ಟೇಪೊಂದೇ ಕಡಮೆ ಮಾಡಬಲ್ಲುದು. ನಾಟದ ಲೆಕ್ಕ ಹೀಗೆ: ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸಬೇಕು. ಸುತ್ತಳತೆ 4 ಅಡಿ, ಉದ್ದ 20 ಅಡಿ ಇದ್ದರೆ 20 ಘನ ಅಡಿ. ಇದು 18ನೆಯ ಶತಮಾನದ ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ ಎಂಬವನ ಹೆಸರಿನಲ್ಲಿ ನಡೆದುಬಂದ ಲೆಕ್ಕ. ಅದೇ ದಿಮ್ಮಿಯ ನಿಜವಾದ ಗಾತ್ರ ಸುಮಾರು 25½ ಘನ ಅಡಿ. ತೊಗಟೆಗೂ ಕೊಯ್ತಕ್ಕೂ ಕಳೆದು ಹಿಡಿಯುವ ಲೆಕ್ಕ ಇದಾದುದರಿಂದ ಮೋಸವೆನ್ನಲಾಗದು. ಆದರೆ ಹೇಳಿದ ದರ ಯಾವ ಲೆಕ್ಕದ ಘನ ಅಡಿಗೆ ಎಂಬುದನ್ನು ಕೇಳಿ ತಿಳಿಯಲೇಬೇಕು.

ಇದೇ ಲೆಕ್ಕ ಮತ್ತೊಂದು ಪಾಠವನ್ನೂ ಕಲಿಸುತ್ತದೆ. 20 ಅಡಿ ಉದ್ದದ ದಿಮ್ಮಿಯ ಸುತ್ತಳತೆ 3 ಅಡಿಯಾದರೆ 11¼ ಘನ ಅಡಿ. 4 ಅಡಿಯಾದರೆ 20. ಒಂದಡಿ ದಪ್ಪವಾದುದಕ್ಕೆ ನಾಟ ಮುಕ್ಕಾಲು ಪಾಲಿಗಿಂತ ಹೆಚ್ಚು ಏರಿತು. ಹದ ವಯಸ್ಸಿನ ಮರವನ್ನು ಕಡಿಯುವವನು ಮರವನ್ನಷ್ಟೇ ಅಲ್ಲ, ಮುಂದಿನ ಬೆಳವಣಿಗೆಯನ್ನೂ ಬಿಟ್ಟಿಯಾಗಿ ಕೊಟ್ಟಂತೆ. ಬಲಿತವು, ಡೊಂಕಾದವು, ಒತ್ತೊತ್ತಾಗಿ ನಿಂತವು ಮೊದಲು ಹೋಗಲಿ. ನೇರವಾಗಿ ಬೆಳೆಯುತ್ತಿರುವವು ಉಳಿಯಲಿ. ಆಯ್ಕೆ ಒಡೆಯನದಾಗಬೇಕು, ವ್ಯಾಪಾರಿಯದಲ್ಲ.

ನಮ್ಮದು ಮೂರು ಎಕರೆಯ ತೋಟ. ಅಕ್ಕನ ಮದುವೆಗೆ ಹಣ ಬೇಕಾದಾಗ ವ್ಯಾಪಾರಿಯೊಬ್ಬರು ಇಪ್ಪತ್ತು ಸಿಲ್ವರ್ ಮರಗಳನ್ನು ಒಟ್ಟಿಗೆ ಕೇಳಿದರು. ತಂದೆಯವರು ಓದಿರುವುದು ನಾಲ್ಕನೆಯ ತರಗತಿಯವರೆಗೆ; ಆದರೆ ಯಾವ ಮರ ಹೋದರೆ ಯಾವ ಗಿಡ ಬಿಸಿಲಿಗೆ ಬೀಳುತ್ತದೆಂಬುದನ್ನು ಅವರು ನಿಂತಲ್ಲೇ ಹೇಳಬಲ್ಲರು. ಅವರು ಮರ ತೋರಿಸಿದರು, ನಾನು ಅಳೆದು ಬರೆದುಕೊಂಡೆ. ಕೊನೆಗೆ ಹನ್ನೆರಡು ಮರಗಳನ್ನು ಮಾತ್ರ, ಅಳತೆಯ ಮೇಲೆ ಕೊಟ್ಟೆವು. ಅದರಿಂದಲೇ ಮದುವೆಯ ಖರ್ಚಿನ ಬಹುಪಾಲು ತೂಗಿತು. ಎಂಟು ಮರಗಳು ಈಗಲೂ ನಿಂತಿವೆ. ನೆರೆಯವರೊಬ್ಬರ ತೋಟದಲ್ಲಿಯೋ, ಗುರುತು ಹಾಕದ ನಾಲ್ಕು ಮರಗಳೂ ಲಾರಿ ಹತ್ತಿದವು. ಬಾಯಿ ಮಾತಿನ ವ್ಯಾಪಾರವಾದ್ದರಿಂದ ಅವರು ಕೇಳಲು ಆಧಾರವಿರಲಿಲ್ಲ.

ಆದುದರಿಂದ ಕರಾರು ಕಾಗದದ ಮೇಲಿರಲಿ. ಮರಗಳಿಗೆ ನಂಬರು ಹಾಕಿ, ಜಾತಿ, ಸುತ್ತಳತೆ, ದರ, ಮುಂಗಡ, ಕಡಿದು ಮುಗಿಸಬೇಕಾದ ದಿನ, ಮುರಿದ ಕಾಫಿ ಗಿಡಕ್ಕೆ ಪರಿಹಾರ, ಇಷ್ಟನ್ನೂ ಬರೆಯಬೇಕು. ಕೊಯ್ಲು ಮುಗಿದ ಮೇಲೆ, ಹೂಮಳೆಗೆ ಮುಂಚೆ ಕಡಿದರೆ ಫಸಲಿಗೆ ಹಾನಿ ಕಡಮೆ. ಕೊಂಬೆಗಳನ್ನು ಮೊದಲು ಇಳಿಸಿ, ಹಗ್ಗ ಕಟ್ಟಿ ಮರ ಬೀಳಿಸಬೇಕು. ಮರಗಸಿಯಲ್ಲೂ ಕಡಿತದಲ್ಲೂ ಬಿದ್ದು ಕೈಕಾಲು, ಪ್ರಾಣ ಕಳೆದುಕೊಂಡ ಕೂಲಿಗಾರರು ನಮ್ಮ ಊರುಗಳಲ್ಲಿದ್ದಾರೆ. ಅವರ ವಿಮೆ, ಚಿಕಿತ್ಸೆಗಳ ಹೊಣೆ ಯಾರದೆಂಬುದೂ ಆ ಕಾಗದದಲ್ಲಿರಬೇಕು. ನಾಟ ಸಾಗಿಸಲು ರಹದಾರಿ ಬೇಕೇ ಎಂಬುದನ್ನು ವಲಯ ಅರಣ್ಯ ಕಛೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಮೇಲು.

ಭೂಮಿಯನ್ನೇ ಮಾರುವ ಪ್ರಸಂಗ ಬಂದರೂ ಮರಗಳ ಪಟ್ಟಿಯನ್ನು ಬೇರೆಯಾಗಿ ಮಾಡಿಸಬೇಕು; ಇಲ್ಲದಿದ್ದರೆ ಕೊಂಡವನು ಮರ ಕಡಿದು ಮಾರಿಯೇ ಭೂಮಿಯ ಬೆಲೆ ತೀರಿಸಿಕೊಂಡಾನು. ಪಹಣಿ, ಸರ್ವೆ ನಕ್ಷೆ, ಋಣಭಾರ ಪತ್ರಗಳ ಜೊತೆಗೆ, ಆ ಭೂಮಿ ಅರಣ್ಯವೆಂದು ಗುರುತಾಗಿದೆಯೇ ಎಂಬುದನ್ನೂ ವಿಚಾರಿಸಬೇಕು. ಏಕೆಂದರೆ 1996ರ ಡಿಸೆಂಬರ್ 12ರ ಆಜ್ಞೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಡೆತನ ಯಾರದೇ ಇದ್ದರೂ ನಿಘಂಟಿನ ಅರ್ಥದಲ್ಲಿ ಅರಣ್ಯವಾದುದು ಅರಣ್ಯವೇ ಎಂದು ಹೇಳಿದೆ.

ಸಹಪಾಠಿಗಳೇ, ನಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರು. ನಮ್ಮ ಫೀಸಿನ ಹಣದಲ್ಲಿ ತೋಟದ ಮರದ ಪಾಲೂ ಇದ್ದೀತು. ಪದವಿ ಮುಗಿದ ಮೇಲೆ ಕೆಲಸ ಸಿಕ್ಕುವುದೋ ತಡವಾಗುವುದೋ ತಿಳಿಯದು. ಆದರೆ ಒಂದು ಕರಾರನ್ನು ಓದಿ ಹೇಳುವ, ಒಂದು ದಿಮ್ಮಿಯ ಲೆಕ್ಕ ಹಾಕುವ ಶಕ್ತಿ ಈಗಲೇ ನಮಗೆ ಬಂದಿದೆ. ಹೆಬ್ಬೆಟ್ಟಿನ ಗುರುತು ಬೀಳುವ ಮೊದಲು ಆ ಕಾಗದವನ್ನು ಹಿರಿಯರಿಗೆ ಓದಿ ಹೇಳೋಣ. ನಮ್ಮ ವಿದ್ಯೆ ಮನೆಗೆ ತೀರಿಸುವ ಮೊದಲ ಕಂತು ಅದೇ.