ಹೊಳೆದು ಆರುವ ಗಾಜು

ಪ್ಲಾಸ್ಮಾ ಟಿ.ವಿ.ಗಳ ತಯಾರಿಕೆ ನಿಂತು ಹತ್ತು ವರ್ಷದ ಮೇಲಾಯಿತು. ಅಂಗಡಿಗೆ ಹೋಗಿ ಕೇಳಿದರೆ ಸೇಲ್ಸ್ ಹುಡುಗರಿಗೆ ಹೆಸರೂ ಗೊತ್ತಿರುವುದಿಲ್ಲ. ಹೀಗಿದ್ದೂ ಮನೆಯಲ್ಲಿರುವ ಹಳೆಯ ಪ್ಲಾಸ್ಮಾ ಸೆಟ್ಟನ್ನು ಯಾರು ಏನೇ ಅಂದರೂ ಗುಜರಿಗೆ ಹಾಕದ ಜನರಿದ್ದಾರೆ. ಅದನ್ನು ಎತ್ತಲು ಇಬ್ಬರು ಬೇಕು, ಒಂದು ಸಿನಿಮಾ ಮುಗಿಯುವಷ್ಟರಲ್ಲಿ ಕೋಣೆಗೆ ಕಾವು ಹತ್ತುತ್ತದೆ, ಕರೆಂಟ್ ಬಿಲ್ಲು ಏರುತ್ತದೆ. ಇದೆಲ್ಲ ಅವರಿಗೂ ಗೊತ್ತು. ಹೊಸ 4ಕೆ ಎಲ್‌ಇಡಿ ತಂದು ಗೋಡೆಗೆ ತೂಗುಹಾಕಿ, ನಾಲ್ಕು ವಾರ ನೋಡಿ, ಮತ್ತೆ ಹಳೆಯದಕ್ಕೇ ಬಂದವರೂ ಉಂಟು. ಹಳತರ ಮೋಹ ಎಂದು ತಳ್ಳಿಹಾಕುವುದು ಸುಲಭ. ಆದರೆ ಅವರ ಕಣ್ಣಿಗೆ ಏನೋ ಕಾಣುತ್ತಿದೆ, ಅದು ನಿಜವಾಗಿಯೂ ಇದೆ. ಅದರ ಬೇರು ಇರುವುದು ಟಿ.ವಿ. ಕಾರ್ಖಾನೆಯಲ್ಲಲ್ಲ, ಟಿ.ವಿ. ಮಾಡುವ ಉದ್ದೇಶವೇ ಇರದಿದ್ದ ಒಂದು ಪ್ರಯೋಗಾಲಯದಲ್ಲಿ.

1960ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ‘ಪ್ಲೇಟೊ’ ಎಂಬ ಯೋಜನೆ ನಡೆಯುತ್ತಿತ್ತು. ಕಂಪ್ಯೂಟರಿನಿಂದ ಮಕ್ಕಳಿಗೆ ಪಾಠ ಹೇಳಿಸಬೇಕೆಂಬ ಹಂಬಲ. ಮುಂದಾಳು ಡೊನಾಲ್ಡ್ ಬಿಟ್ಜರ್ ಎಂಬ ಎಂಜಿನಿಯರ್. ಪ್ರತಿ ವಿದ್ಯಾರ್ಥಿಯ ಮುಂದೆ ಒಂದು ಪರದೆ ಬೇಕು. ಪಿಕ್ಚರ್ ಟ್ಯೂಬ್ ಇಡೋಣವೆಂದರೆ ಅದಕ್ಕೆ ಏನೂ ನೆನಪಿರುವುದಿಲ್ಲ. ಒಂದೇ ಚಿತ್ರವನ್ನು ಸೆಕೆಂಡಿಗೆ ಹತ್ತಾರು ಸಲ ಬರೆಯುತ್ತಲೇ ಇರಬೇಕು, ಬರೆಯಲು ಆ ಚಿತ್ರವನ್ನು ಎಲ್ಲಾದರೂ ಕೂಡಿಟ್ಟಿರಬೇಕು. ಆಗಿನ ಕಂಪ್ಯೂಟರ್ ಮೆಮೊರಿಯೆಂದರೆ ಸಾಸಿವೆ ಗಾತ್ರದ ಕಾಂತದ ಬಳೆಗಳನ್ನು ತಂತಿಯಲ್ಲಿ ಪೋಣಿಸಿ ಮಾಡಿದ್ದು, ವಿಪರೀತ ದುಬಾರಿ. ಸಾವಿರ ಮಕ್ಕಳಿಗೆ ಸಾವಿರ ಪರದೆ ಇಟ್ಟರೆ ಮೆಮೊರಿಯ ಖರ್ಚಿಗೇ ಯೋಜನೆ ಮುಳುಗುತ್ತಿತ್ತು.

ಪರದೆಯೇ ತನ್ನ ಮೇಲಿರುವುದನ್ನು ನೆನಪಿಟ್ಟುಕೊಂಡರೆ? ಬಿಟ್ಜರ್, ಸಹೋದ್ಯೋಗಿ ಜೀನ್ ಸ್ಲಾಟೊ ಮತ್ತು ಸಂಶೋಧನಾ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಈ ಹಾದಿ ಹಿಡಿದರು. 1964ರಲ್ಲಿ ಅವರ ಮೊದಲ ಪ್ಲಾಸ್ಮಾ ಗೂಡು ಹೊತ್ತಿಕೊಂಡಿತು. ಮೂರು ತೆಳು ಗಾಜಿನ ಹಾಳೆ, ನಡುವಿನದರಲ್ಲಿ ಒಂದು ಸಣ್ಣ ತೂತು, ತೂತಿನೊಳಗೆ ಅನಿಲ. ಅಷ್ಟೇ. ಜಾಣತನವಿದ್ದದ್ದು ವಿದ್ಯುದ್ವಾರಗಳನ್ನು ಅನಿಲಕ್ಕೆ ತಾಗಿಸದೆ ಗಾಜಿನ ಹೊರಮೈಯಲ್ಲಿ ಇಟ್ಟದ್ದರಲ್ಲಿ. ಜೋರಾಗಿ ವೋಲ್ಟೇಜ್ ಕೊಟ್ಟಾಗ ಅನಿಲ ಕಿಡಿಯೊಡೆದು ಹೊಳೆಯುತ್ತದೆ. ಆದರೆ ಹೊರಟ ವಿದ್ಯುತ್ಕಣಗಳಿಗೆ ದಾರಿಯಿಲ್ಲ, ಗಾಜು ಅಡ್ಡ. ಅವು ಗೂಡಿನ ಒಳಗೋಡೆಗೆ ಅಂಟಿಕೊಂಡು, ಹೊರಗಿನ ವೋಲ್ಟೇಜನ್ನೇ ಎದುರಿಸಿ ಬೆಳಕನ್ನು ಆರಿಸಿಬಿಡುತ್ತವೆ. ಎಲ್ಲವೂ ಒಂದು ಮೈಕ್ರೊಸೆಕೆಂಡಿನ ಆಸುಪಾಸಿನಲ್ಲಿ. ಈಗ ವೋಲ್ಟೇಜಿನ ದಿಕ್ಕು ತಿರುಗಿಸಿದರೆ, ಗೋಡೆಗೆ ಅಂಟಿದ್ದ ಚಾರ್ಜು ಅದರ ಜೊತೆ ಕೈಗೂಡಿಸುತ್ತದೆ. ಈ ಸಲ ಕಡಿಮೆ ವೋಲ್ಟೇಜಿಗೇ ಮತ್ತೊಂದು ಕಿಡಿ, ಮತ್ತೆ ಆರುವುದು. ಒಮ್ಮೆ ಹೊತ್ತಿಸಿದ ಗೂಡು ಹೀಗೆ ಹೊಳೆದು ಆರಿ, ಹೊಳೆದು ಆರಿ ಸಾಗುತ್ತದೆ. ಹೊತ್ತಿಸದ ಗೂಡಿಗೆ ಅದೇ ವೋಲ್ಟೇಜು ಸಾಲದು, ಅದು ಕತ್ತಲಲ್ಲೇ ಉಳಿಯುತ್ತದೆ. ನೆನಪು ಎಂದರೆ ಇಷ್ಟೇ, ಗೋಡೆಯ ಮೇಲಿನ ಚಾರ್ಜು.

1972ರ ಹೊತ್ತಿಗೆ ಬಂದ ಪ್ಲೇಟೊ ಟರ್ಮಿನಲ್ ನೋಡಿದರೆ ಇಂದಿಗೂ ಬೆರಗಾಗುತ್ತದೆ. 512 x 512 ಚುಕ್ಕೆಗಳ ಚಪ್ಪಟೆ ಪರದೆ, ನಿಯಾನಿನ ಕಿತ್ತಳೆ ಬಣ್ಣದ ಅಕ್ಷರಗಳು. ಬೆರಳಿಟ್ಟರೆ ಸ್ಪಂದಿಸುತ್ತಿತ್ತು, ಟಚ್‌ಸ್ಕ್ರೀನ್ ಎಂಬುದು ಆಗಲೇ ಇತ್ತು. ಗಾಜು ಪಾರದರ್ಶಕವಾದ್ದರಿಂದ ಹಿಂದಿನಿಂದ ಬಣ್ಣದ ಸ್ಲೈಡ್‌ಗಳನ್ನೂ ಅದರ ಮೇಲೆ ಬೀಳಿಸುತ್ತಿದ್ದರು. ಚಿತ್ರವನ್ನು ಪರದೆಯೇ ಹಿಡಿದಿಡುತ್ತಿತ್ತು, ಬದಲಾದ ಭಾಗವನ್ನಷ್ಟೇ ಕಳಿಸಿದರೆ ಸಾಕಿತ್ತು. ಮಾಮೂಲಿ ಟೆಲಿಫೋನ್ ತಂತಿಯಲ್ಲೇ ಪಾಠ ಹರಿದುಹೋಗುತ್ತಿತ್ತು.

ಆಮೇಲೆ ಎರಡು ದಶಕ ಪ್ಲಾಸ್ಮಾ ಕಿತ್ತಳೆ ಬಣ್ಣದಲ್ಲೇ ಉಳಿಯಿತು. ಐಬಿಎಂ ಟರ್ಮಿನಲ್‌ಗಳಲ್ಲಿ, ತೋಷಿಬಾ ಮತ್ತು ಕಾಂಪ್ಯಾಕ್ ಕಂಪನಿಗಳ ಸೂಟ್‌ಕೇಸಿನಂಥ ಕಂಪ್ಯೂಟರುಗಳಲ್ಲಿ ಕಂಡಿತು. ಮೆಮೊರಿ ಚಿಪ್ಪುಗಳು ಅಗ್ಗವಾದ ಮೇಲೆ ಅದು ಹುಟ್ಟಿದ ಕಾರಣವೇ ಇಲ್ಲವಾಯಿತು. 1987ರಲ್ಲಿ ಐಬಿಎಂ ತನ್ನ ಪ್ಲಾಸ್ಮಾ ಕಾರ್ಖಾನೆಯನ್ನು ಕೈಬಿಟ್ಟಾಗ ಬಿಟ್ಜರ್ ಅವರ ಶಿಷ್ಯ ಲ್ಯಾರಿ ವೆಬರ್ ಮತ್ತಿತರರು ಆ ಯಂತ್ರಗಳನ್ನು ಕೊಂಡು ‘ಪ್ಲಾಸ್ಮಾಕೊ’ ಎಂಬ ಪುಟ್ಟ ಕಂಪನಿ ಕಟ್ಟಿದರು. ಪ್ರತಿ ಕಿಡಿಗೂ ವ್ಯರ್ಥವಾಗುತ್ತಿದ್ದ ವಿದ್ಯುತ್ತನ್ನು ಮರಳಿ ಹಿಡಿಯುವ ಸರ್ಕ್ಯೂಟು ವೆಬರ್ ಅವರ ದೊಡ್ಡ ಕೊಡುಗೆ. ಅದಿಲ್ಲದಿದ್ದರೆ ಮನೆಯ ಗಾತ್ರದ ಪ್ಲಾಸ್ಮಾ ಪರದೆ ಬರುತ್ತಲೇ ಇರಲಿಲ್ಲವೇನೋ. 1996ರಲ್ಲಿ ಪ್ಯಾನಸಾನಿಕ್‌ನ ಒಡೆಯ ಮತ್ಸುಷಿತಾ ಈ ಕಂಪನಿಯನ್ನು ಕೊಂಡಿತು.

ಬಣ್ಣ ಬಂದದ್ದು ಜಪಾನಿನ ಫುಜಿತ್ಸುವಿನಿಂದ, ಮುಖ್ಯವಾಗಿ ತ್ಸುತಾಯೆ ಶಿನೋಡ ಅವರ ಹಟದಿಂದ. ಕಿತ್ತಳೆ ಬೆಳಕು ಬೇಡ. ನಿಯಾನ್ ಜೊತೆ ಕ್ಸೆನಾನ್ ಬೆರೆಸಿ, ಅದು ಹೊಮ್ಮಿಸುವ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಕೆಂಪು, ಹಸಿರು, ನೀಲಿ ಫಾಸ್ಫರ್ ಪುಡಿಯ ಮೇಲೆ ಬೀಳಿಸಬೇಕು. ಟ್ಯೂಬ್‌ಲೈಟ್ ಉರಿಯುವುದೂ ಹೆಚ್ಚುಕಡಿಮೆ ಹೀಗೇ. ಸಮಸ್ಯೆಯೆಂದರೆ ಕಿಡಿಯ ಹೊಡೆತಕ್ಕೆ ಪುಡಿ ಬೇಗ ಹಾಳಾಗುತ್ತಿತ್ತು. ಕಿಡಿಯನ್ನು ಮುಂದಿನ ಗಾಜಿನ ಮೇಲ್ಮೈಗುಂಟವೇ ಹಾಯಿಸಿ ಪುಡಿಯನ್ನು ಹಿಂದಿನ ಗಾಜಿನ ಮೇಲೆ ಬಳಿದದ್ದು ಶಿನೋಡ ಕಂಡುಕೊಂಡ ಪರಿಹಾರ. 1992ರಲ್ಲಿ 21 ಇಂಚಿನ ಬಣ್ಣದ ಪರದೆ ಸಿದ್ಧವಾಯಿತು. 1997ರಲ್ಲಿ 42 ಇಂಚಿನ ಫಿಲಿಪ್ಸ್ ಸೆಟ್ಟು ಅಮೆರಿಕದ ಅಂಗಡಿಗೆ ಬಂದಾಗ ಬೆಲೆ 14,999 ಡಾಲರ್. ಬಿಟ್ಜರ್, ಸ್ಲಾಟೊ, ವಿಲ್ಸನ್ ಮೂವರಿಗೂ 2002ರಲ್ಲಿ ತಾಂತ್ರಿಕ ಎಮ್ಮಿ ಪ್ರಶಸ್ತಿ ಸಂದಿತು.

ಪ್ಲಾಸ್ಮಾ ಪ್ರಿಯರು ಮೆಚ್ಚುವ ಚಿತ್ರದ ಗುಟ್ಟಿರುವುದು ಇಲ್ಲಿಂದ ಮುಂದೆ. ಒಂದು ಫುಲ್ ಎಚ್‌ಡಿ ಪ್ಲಾಸ್ಮಾದಲ್ಲಿ 62,20,800 ಗೂಡುಗಳಿರುತ್ತವೆ. ಒಂದಕ್ಕೂ ‘ಸ್ವಲ್ಪ ಮಂದವಾಗಿ ಉರಿ’ ಎಂದರೆ ತಿಳಿಯುವುದಿಲ್ಲ. ಇಲಿನಾಯ್‌ನ ಮೊದಲ ಗೂಡಿನಂತೆಯೇ ಹೊಳೆಯುವುದು, ಇಲ್ಲವೇ ಆರುವುದು ಎರಡೇ ಗೊತ್ತು. ಹಾಗಾದರೆ ನಸುಗೆಂಪು, ಬೂದು, ಮುಖದ ಮೇಲಿನ ತೆಳುನೆರಳು ಇವೆಲ್ಲ ಎಲ್ಲಿಂದ? ಸೆಕೆಂಡಿನ ಅರವತ್ತನೇ ಒಂದು ಭಾಗವನ್ನು ಮತ್ತೆ ಎಂಟು, ಹತ್ತು ತುಂಡು ಮಾಡಿ, ಒಂದೊಂದು ತುಂಡಿಗೂ ಬೇರೆ ಬೇರೆ ಸಂಖ್ಯೆಯ ಕಿಡಿಗಳನ್ನು ಹಂಚಿಕೊಡುತ್ತಾರೆ. ಒಂದಕ್ಕೆ ಒಂದು ಪಾಲು, ಮುಂದಿನದಕ್ಕೆ ಎರಡು, ನಾಲ್ಕು, ಎಂಟು, ಹೀಗೆ 128ರ ತನಕ. ಯಾವ ತುಂಡಿನಲ್ಲಿ ಹೊಳೆಯಬೇಕು, ಯಾವುದರಲ್ಲಿ ಸುಮ್ಮನಿರಬೇಕು ಎಂದು ಗೂಡಿಗೆ ಹೇಳಿದರೆ 256 ಬಗೆಯ ಬೆಳಕು ಸಿಗುತ್ತದೆ. ಕೂಡಿಸುವ ಕೆಲಸ ನಮ್ಮ ಕಣ್ಣಿನದು. ‘600 ಹರ್ಟ್ಜ್’ ಎಂದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಿದ್ದುದು ಇದನ್ನೇ, ಸೆಕೆಂಡಿಗೆ 60 ಚೌಕಟ್ಟು (ಫ್ರೇಮ್), ತಲಾ ಹತ್ತು ತುಂಡು.

ಪರದೆಯ ತೀರಾ ಹತ್ತಿರ ಹೋಗಿ, ಸಿನಿಮಾದ ಒಂದು ಕತ್ತಲೆ ದೃಶ್ಯವನ್ನು ನೋಡಿ. ನೆರಳಿನ ಜಾಗದಲ್ಲಿ ಚುಕ್ಕೆಗಳು ಬಿಸಿಲುಕೋಲಿನ ದೂಳಿನಂತೆ ಕುದಿಯುತ್ತಿರುತ್ತವೆ. ತೀರಾ ಮಂದ ಬೆಳಕಿಗೆ ಬೇಕಾದಷ್ಟು ಮೆಟ್ಟಿಲುಗಳು ಇಲ್ಲದ್ದರಿಂದ ಅಕ್ಕಪಕ್ಕದ ಗೂಡುಗಳನ್ನು ಸರದಿಯಲ್ಲಿ ಮಿನುಗಿಸಿ ಕಣ್ಣನ್ನು ನಂಬಿಸುವ ಉಪಾಯ ಅದು. ಎಂಟಡಿ ಹಿಂದೆ ಸರಿದು ಕುಳಿತರೆ ಆ ಕುದಿತ ಕಾಣುವುದಿಲ್ಲ, ಫಿಲ್ಮ್ ರೀಲಿನ ಕಣಕಣದಂಥ ಒಂದು ಮೈ ಮಾತ್ರ ಉಳಿಯುತ್ತದೆ. ತಾಂತ್ರಿಕವಾಗಿ ಇದು ದೋಷ. ನನಗೆ ಕೇಳಿದರೆ, ನಟರ ಮುಖಕ್ಕೆ ಮೇಣದ ಹೊಳಪು ಬರದಂತೆ ತಡೆಯುವುದೇ ಈ ದೋಷ.

ಅದಕ್ಕಿಂತ ದೊಡ್ಡದು ಚಲನೆ. ಎಲ್‌ಸಿಡಿ ಪರದೆ (ಎಲ್‌ಇಡಿ ಎಂದು ಮಾರುವುದೂ ಅದೇ, ಹಿಂದಿನ ದೀಪ ಮಾತ್ರ ಬೇರೆ) ಒಂದು ಚೌಕಟ್ಟನ್ನು ತೋರಿಸಿ, ಮುಂದಿನದು ಬರುವವರೆಗೂ ಹಾಗೇ ಹಿಡಿದಿರುತ್ತದೆ. ನಮ್ಮ ಕಣ್ಣು ಸುಮ್ಮನಿರುವುದಿಲ್ಲ. ಬೌಂಡರಿಯತ್ತ ಉರುಳುವ ಚೆಂಡಿನ ಜೊತೆ ತಾನೂ ಓಡುತ್ತದೆ. ನಿಂತ ಚಿತ್ರದ ಮೇಲೆ ಓಡುವ ಕಣ್ಣು ಹಾಯ್ದರೆ ಚಿತ್ರ ಅಕ್ಷಿಪಟಲದ ಮೇಲೆ ಬಳಿದಂತಾಗುತ್ತದೆ. ಮಸುಕು ಹುಟ್ಟುವುದು ಅಲ್ಲಿ, ಪರದೆಯ ಮೇಲಲ್ಲ. ಪ್ಲಾಸ್ಮಾದ ಬೆಳಕು ಉದ್ದಕ್ಕೂ ನಿಲ್ಲುವುದಿಲ್ಲ, ಕಿಡಿಗಳ ಗೊಂಚಲಾಗಿ ಬಂದು ಆರುತ್ತದೆ. ಕಣ್ಣು ಮುಂದೆ ಸರಿಯಲು ನಡುವೆ ಕತ್ತಲು ಸಿಗುತ್ತದೆ. ಹಳೆಯ ಪಿಕ್ಚರ್ ಟ್ಯೂಬಿನಷ್ಟು ಚುರುಕು ಇದಕ್ಕಿಲ್ಲ. ಫಾಸ್ಫರ್ ಪುಡಿ ಕೊಂಚ ಸೋಮಾರಿಯಾದ್ದರಿಂದ ಕಪ್ಪು ಹಿನ್ನೆಲೆಯಲ್ಲಿ ಓಡುವ ಬಿಳಿ ಅಕ್ಷರದ ಹಿಂದೆ ಹಳದಿಹಸಿರು ಬಾಲ ಒಮ್ಮೊಮ್ಮೆ ಕಾಣುತ್ತದೆ. ಆದರೂ ಓಟಗಾರನ ಕಾಲು ಕಾಲಾಗಿಯೇ ಉಳಿಯುತ್ತದೆ.

ಎಲ್‌ಸಿಡಿ ತಯಾರಕರು ಈ ಮಸುಕನ್ನು ಮುಚ್ಚಲು ಎರಡು ಚೌಕಟ್ಟುಗಳ ನಡುವೆ ಇಲ್ಲದ ಚೌಕಟ್ಟೊಂದನ್ನು ಕಲ್ಪಿಸಿ ಸೇರಿಸುವ ದಾರಿ ಹಿಡಿದರು. ಅದರಿಂದ ಸಿನಿಮಾಗಳೆಲ್ಲ ಧಾರಾವಾಹಿಯಂತೆ ನುಣುಪಾದವು. 2018ರಲ್ಲಿ ನಟ ಟಾಮ್ ಕ್ರೂಸ್ ತನ್ನ ನಿರ್ದೇಶಕನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ದಯವಿಟ್ಟು ಆ ಸೆಟಿಂಗ್ ಆಫ್ ಮಾಡಿ ಎಂದು ವಿಡಿಯೊದಲ್ಲಿ ಕೇಳಿಕೊಳ್ಳಬೇಕಾಯಿತು.

ಪ್ಲಾಸ್ಮಾದ ದೌರ್ಬಲ್ಯ ಕಪ್ಪಿನಲ್ಲಿತ್ತು. ಗೂಡುಗಳು ತಡಮಾಡದೆ ಹೊತ್ತಿಕೊಳ್ಳಲೆಂದು ಎಲ್ಲದಕ್ಕೂ ಆಗಾಗ ಒಂದು ಪುಟ್ಟ ಮುನ್ಕಿಡಿ ಕೊಡಬೇಕಿತ್ತು. ಅದರಿಂದ ಕಪ್ಪಿನ ಮೇಲೆ ತೆಳು ಬೂದಿ ಬಳಿದಂತೆ ಕಾಣುತ್ತಿತ್ತು. ಪಯೊನೀರ್ ಕಂಪನಿ ಗೂಡಿನೊಳಗಿನ ಮೆಗ್ನೀಸಿಯಂ ಆಕ್ಸೈಡ್ ಲೇಪವನ್ನು ಸುಧಾರಿಸಿ ಆ ಮುನ್ಕಿಡಿಯನ್ನು ಅಡಗಿಸುತ್ತ ಬಂತು. 2007ರಲ್ಲಿ ‘ಕುರೋ’ ಸರಣಿ ಹೊರತಂದಿತು. 2008ರ ಜನವರಿಯಲ್ಲಿ ಲಾಸ್ ವೇಗಾಸ್‌ನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಅದೇ ಕಂಪನಿ, ಕತ್ತಲೆ ಕೋಣೆಯಲ್ಲಿ ಇದೆಯೋ ಇಲ್ಲವೋ ತಿಳಿಯದಷ್ಟು ಕಡುಗಪ್ಪಿನ ಮಾದರಿಯೊಂದನ್ನು ತೋರಿಸಿತು. ಅದು ಅಂಗಡಿಗೆ ಬರಲೇ ಇಲ್ಲ. 2009ರ ಫೆಬ್ರುವರಿಯಲ್ಲಿ ಪಯೊನೀರ್ ಟಿ.ವಿ. ವ್ಯವಹಾರವನ್ನೇ ಬಿಡುವುದಾಗಿ ಸಾರಿತು. ಅಲ್ಲಿನ ಎಂಜಿನಿಯರುಗಳಲ್ಲಿ ಹಲವರು ಪ್ಯಾನಸಾನಿಕ್ ಸೇರಿದರು. 2013ರ ಪ್ಯಾನಸಾನಿಕ್ ವಿಟಿ60 ಮತ್ತು ಝಡ್‌ಟಿ60 ಸೆಟ್ಟುಗಳನ್ನು ಬಲ್ಲವರು ಈಗಲೂ ಹುಡುಕುವುದು ಇದೇ ಕಾರಣಕ್ಕೆ. ಒಳ್ಳೆಯದನ್ನು ಮಾಡಿ ಮುಗಿಸುವ ಹೊತ್ತಿಗೆ ಕೊಳ್ಳುವವರು ತೆರಳಿದ್ದರು. ಅದೇ ವರ್ಷ ಅಕ್ಟೋಬರ್ 31ರಂದು ಪ್ಯಾನಸಾನಿಕ್ ಪ್ಲಾಸ್ಮಾ ತಯಾರಿಕೆ ನಿಲ್ಲಿಸುವ ನಿರ್ಧಾರ ಪ್ರಕಟಿಸಿತು. ಆ ಕಂಪನಿ ಒಟ್ಟಾರೆ ವ್ಯವಹಾರದಲ್ಲಿ ಅದಕ್ಕೆ ಹಿಂದಿನ ಎರಡು ಹಣಕಾಸು ವರ್ಷ ತಲಾ 75,000 ಕೋಟಿ ಯೆನ್‌ಗೂ ಮೀರಿದ ನಷ್ಟ ಉಂಡಿತ್ತು. ಅಮಗಾಸಾಕಿಯ ಬೃಹತ್ ಪ್ಲಾಸ್ಮಾ ಕಾರ್ಖಾನೆಗಳ ಹೊರೆಯೂ ಅದರಲ್ಲಿತ್ತು. 2014 ಮುಗಿಯುವುದರೊಳಗೆ ಸ್ಯಾಮ್‌ಸಂಗ್, ಎಲ್‌ಜಿ ಎರಡೂ ಕೈಚೆಲ್ಲಿದವು.

ಸೋತದ್ದು ಯಾಕೆ? ಷೋರೂಮಿನ ದೀಪಗಳಡಿ ಸೋತಿತು ಎಂದೇ ನನ್ನ ಅಂಬೋಣ. ನೂರು ಟ್ಯೂಬ್‌ಲೈಟ್ ಉರಿಯುವ ಮಳಿಗೆಯಲ್ಲಿ ಸಾಲಾಗಿ ಟಿ.ವಿ. ನಿಲ್ಲಿಸಿದರೆ ಕಣ್ಣು ಕೋರೈಸುವುದೇ ಗೆಲ್ಲುತ್ತದೆ. ಪ್ಲಾಸ್ಮಾಕ್ಕೆ ಇಡೀ ಪರದೆ ಬಿಳಿಯಾದಾಗ ತಾನಾಗಿಯೇ ಮಂಕಾಗುವ ಸ್ವಭಾವ. ಎಲ್ಲ ಗೂಡನ್ನೂ ಪೂರ್ತಿ ಉರಿಸುವಷ್ಟು ವಿದ್ಯುತ್ತನ್ನು ಅದು ಎಳೆಯುವಂತಿಲ್ಲ. ಅದರ ಗುಣ ತೋರುವುದು ರಾತ್ರಿ ಎಂಟರ ಮೇಲೆ ದೀಪ ತಗ್ಗಿಸಿದ ಕೋಣೆಯಲ್ಲಿ. ಕೊಳ್ಳುವ ತೀರ್ಮಾನವಾಗುತ್ತಿದ್ದದ್ದು ಹಗಲಿನ ಮಳಿಗೆಯಲ್ಲಿ. ಹಾಗೆಂದು ಎಲ್ಲ ತಪ್ಪನ್ನೂ ಮಳಿಗೆಯ ಮೇಲೆ ಹೊರಿಸಲಾಗದು. 4ಕೆ ಬಂದಾಗ ಗೂಡುಗಳನ್ನು ಇನ್ನೂ ಕಿರಿದು ಮಾಡಬೇಕಿತ್ತು, ಕಿರಿದಾದಷ್ಟೂ ಬೆಳಕು ಕಡಿಮೆ, ಕರೆಂಟು ಹೆಚ್ಚು. ಲೆಕ್ಕ ಕೂಡಿಬರಲಿಲ್ಲ.

ನಮ್ಮಲ್ಲಿ ಪ್ಲಾಸ್ಮಾ ಕೊಂಡವರಿಗೆ ಇನ್ನೊಂದು ಲಾಭವಿತ್ತು, ಅದನ್ನು ಯಾವ ಜಾಹೀರಾತೂ ಹೇಳಲಿಲ್ಲ. ಕೇಬಲ್‌ನಲ್ಲಿ ಬರುವ ಸಾಮಾನ್ಯ ಚಾನೆಲ್ಲುಗಳ ಚಿತ್ರ 576 ಗೆರೆಗಳದ್ದು. ಅದನ್ನು 768 ಗೆರೆಯ 42 ಇಂಚಿನ ಪ್ಲಾಸ್ಮಾ ಮೃದುವಾಗಿ ಹಿಗ್ಗಿಸುತ್ತಿತ್ತು. ಈಗಿನ 55 ಇಂಚಿನ 4ಕೆ ಪರದೆಯಲ್ಲಿ ಚಂದನದ ಹಳೆಯ ಕಾರ್ಯಕ್ರಮವೊಂದು ಬಂದರೆ ಹರಿದ ಬಟ್ಟೆಗೆ ಇಸ್ತ್ರಿ ಹಾಕಿದಂತೆ, ಕೊರತೆಗಳೇ ಎದ್ದು ಕಾಣುತ್ತವೆ. ತೊಂದರೆಯೂ ನಮ್ಮದೇ ಬಗೆಯದಿತ್ತು. ದಿನವಿಡೀ ಸುದ್ದಿ ಚಾನೆಲ್ ಹಾಕಿಡುವ ಮನೆಗಳಲ್ಲಿ ‘ಬ್ರೇಕಿಂಗ್ ನ್ಯೂಸ್’ ಪಟ್ಟಿಯ ಗುರುತು ಪರದೆಗೆ ಅಂಟಿ ಉಳಿಯುತ್ತಿತ್ತು. ಸುದ್ದಿ ಯಾವತ್ತೋ ಹಳತಾಗಿದ್ದರೂ ಪಟ್ಟಿ ಹೋಗುತ್ತಿರಲಿಲ್ಲ.

ಓಲೆಡ್ ಬಂದಮೇಲೆ ಈ ಚರ್ಚೆಯ ಅರ್ಧ ಮುಗಿಯಬೇಕು. ಅದರ ಕಪ್ಪು ಕುರೋಗಿಂತ ಕಪ್ಪು, ಬಣ್ಣ ಇನ್ನೂ ಗಾಢ. ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದೂ ಅದನ್ನೇ. ಉಳಿದರ್ಧ ಮುಗಿದಿಲ್ಲ. ಓಲೆಡ್ ಕೂಡ ಎಲ್‌ಸಿಡಿಯಂತೆ ಚೌಕಟ್ಟನ್ನು ಹಿಡಿದಿಡುವ ಜಾತಿಯದು. ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಅದು ಎಷ್ಟು ಥಟ್ಟನೆ ಹಾರುತ್ತದೆಂದರೆ, ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾದಲ್ಲಿ ಕ್ಯಾಮೆರಾ ನಿಧಾನಕ್ಕೆ ಅಡ್ಡ ಹಾಯುವಾಗ ದೃಶ್ಯ ಎಡವುತ್ತ ಸಾಗುತ್ತದೆ. ಚೌಕಟ್ಟುಗಳ ನಡುವೆ ಕತ್ತಲು ತುರುಕುವ ಆಯ್ಕೆ ಕೆಲವು ಸೆಟ್ಟುಗಳಲ್ಲಿದೆ, ಹಾಕಿದರೆ ಬೆಳಕು ಇಳಿದುಹೋಗುತ್ತದೆ. ಪ್ಲಾಸ್ಮಾಕ್ಕೆ ಆ ಕತ್ತಲು ಹುಟ್ಟಿನಿಂದಲೇ ಬಂದದ್ದು.

ಹಳೆಯದನ್ನು ಕೊಳ್ಳುವ ಹುಚ್ಚು ಇರುವವರಿಗೆ ಒಂದೆರಡು ಮಾತು. ಪೂರ್ತಿ ಕೆಂಪು, ಪೂರ್ತಿ ಬೂದು ಚಿತ್ರ ಹಾಕಿಸಿ ನೋಡಿ, ಅಂಟಿದ ಗುರುತುಗಳಿದ್ದರೆ ಅಲ್ಲಿ ಕಾಣುತ್ತವೆ. ಬಿಳಿ ದೃಶ್ಯದಲ್ಲಿ ಜುಂಯ್ ಎಂಬ ಸದ್ದು ಸ್ವಲ್ಪ ಬಂದರೆ ಹೆದರಬೇಡಿ. ಅರ್ಧ ಬೆಳಕಿಗೆ ಇಳಿಯಲು 1,00,000 ಗಂಟೆ ಬೇಕೆಂದು ಪ್ಯಾನಸಾನಿಕ್ ಹೇಳಿಕೊಂಡಿತ್ತು, ದಿನಕ್ಕೆ ಆರು ಗಂಟೆಯಂತೆ 45 ವರ್ಷ. ಅಷ್ಟರೊಳಗೆ ಪವರ್ ಬೋರ್ಡಿನ ಕೆಪ್ಯಾಸಿಟರುಗಳು ಉಬ್ಬುವುದು ಖಂಡಿತ. ಅವು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತವೆ, ಬೆಸುಗೆ ಬಲ್ಲ ಮೆಕ್ಯಾನಿಕ್ ಹೊಂದಿಸಿಕೊಡುತ್ತಾನೆ. ಸಾಗಿಸುವಾಗ ಮಾತ್ರ ಸೆಟ್ಟನ್ನು ನಿಲ್ಲಿಸಿಯೇ ತನ್ನಿ, ಆಟೊದಲ್ಲಿ ಅಡ್ಡ ಮಲಗಿಸಬೇಡಿ. ಗಾಜು ಸೀಳಿದರೆ ಅನಿಲ ಹೋಯಿತು. ಹೊಸ ಗಾಜು ಮಾಡಿಕೊಡುವ ಕಾರ್ಖಾನೆ ಈಗ ಎಲ್ಲೂ ಇಲ್ಲ.